ಬಸ್ ದಾರಿಯ ಮೂರನೇ ಫೋಟೋ

"ಇದು ನಿಮ್ಮ ಗಾಡೀನೇ ತಾನೇ ಮೇಡಂ?"

ಸಂಚಾರ ದಂಡದ ಕಚೇರಿಯಲ್ಲಿ ಅಧಿಕಾರಿ ಅಂಬರೀಶ್ ಕಂಪ್ಯೂಟರಿನ ಪರದೆಯನ್ನು ನವ್ಯಳ ಕಡೆಗೆ ತಿರುಗಿಸಿದರು.

ಬಂಗಾರಪೇಟೆ ಬಸ್ ನಿಲ್ದಾಣದ ಪಕ್ಕದ ದಾರಿ. ಮಂಜು. 'ಬಸ್ಸುಗಳಿಗೆ ಮಾತ್ರ' ಎಂಬ ಬೋರ್ಡು. ಅದರ ಕೆಳಗೆ ಒಂದು ನೀಲಿ ಸ್ಕೂಟರ್. ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್, ಸಾಸಿವೆ ಬಣ್ಣದ ಜರ್ಕಿನ್ನು.

ಜರ್ಕಿನ್ನಿನ ಬಲ ಮೊಣಕೈಯಲ್ಲಿ ಕಪ್ಪು ದಾರದ ಹೊಲಿಗೆ.

ಆ ಹೊಲಿಗೆ ಹಾಕಿದ್ದು ನವ್ಯಳೇ. ಸಾಸಿವೆ ಬಣ್ಣದ ದಾರ ಸಿಗದೆ ಕಪ್ಪು ದಾರದಲ್ಲಿ ಹೊಲಿದು, ಅಣ್ಣನಿಂದ ಬೈಸಿಕೊಂಡಿದ್ದಳು.

"ಗಾಡಿ ನಮ್ಮದೇ ಸಾರ್... ನಮ್ಮಣ್ಣ ವೆಂಕಿದು."

"ಹಾಗಾದ್ರೆ ಅವರನ್ನೇ ಕಳಿಸಬಹುದಿತ್ತಲ್ಲ?"

"ಅವನು ತೀರ್ಕೊಂಡು ಹನ್ನೊಂದು ತಿಂಗಳಾಯ್ತು."

ಅಂಬರೀಶ್ ಮೌಸಿನಿಂದ ಕೈ ತೆಗೆದರು.

"ಕ್ಯಾಮೆರಾ ಹೋದ ವಾರವಷ್ಟೇ ಹಾಕಿದ್ದು. ಎರಡು ನೋಟಿಸು ಬಂದಿವೆ. ಒಂದು ಶುಕ್ರವಾರದ್ದು, ಒಂದು ಮಂಗಳವಾರದ್ದು. ಎರಡೂ ಬೆಳಗ್ಗೆ ಆರೂ ನಲವತ್ತಕ್ಕೆ" ಎಂದರು ಮೆಲ್ಲಗೆ. "ಮೇಲ್ಮನವಿಗೆ ಮುಂದಿನ ಸೋಮವಾರದವರೆಗೂ ಟೈಮಿದೆ. ಗಾಡಿ ಮನೆಯಲ್ಲೇ ಇತ್ತು, ಯಾರೋ ಕೇಳದೆ ತಗೊಂಡು ಹೋಗಿದಾರೆ ಅಂತ ಬರೆದುಕೊಟ್ರೆ ಪೊಲೀಸಿಗೆ ಹೋಗುತ್ತೆ, ಕಳವು ಕೇಸು. ಇಲ್ಲಾಂದ್ರೆ ಓಡಿಸಿದವರ ಹೆಸರು, ಕಾರಣ ಬರೀಬೇಕು. ಯೋಚನೆ ಮಾಡಿ."

ಅವರು ಕೊಟ್ಟ ಖಾಲಿ ಅರ್ಜಿಯನ್ನು ಎದೆಗೆ ಒತ್ತಿಕೊಂಡು ಹೊರಬಂದವಳು ಮೆಟ್ಟಿಲಲ್ಲೇ ನಿಂತುಬಿಟ್ಟಳು.

ಕೆಳಗೆ ಮುನೀಂದ್ರ ನಿಂತಿದ್ದ!

ಅಣ್ಣನ ಶಾಲೆಯ ದಿನಗಳ ಗೆಳೆಯ. ಕೆಜಿಎಫ್‌ನಲ್ಲಿ ಗ್ಯಾರೇಜು. ಹನ್ನೊಂದು ತಿಂಗಳ ಹಿಂದಿನವರೆಗೆ ಅವನ ದನಿ ಅಂಗಳದಲ್ಲಿ ಕೇಳಿದರೆ ನವ್ಯಳ ಕೈಯಲ್ಲಿದ್ದ ಕೆಲಸ ತಾನಾಗಿ ನಿಧಾನವಾಗುತ್ತಿತ್ತು. ಈಗ...

"ನವ್ಯ... ಆ ಅರ್ಜಿ ಕೊಡ್ಬೇಡ."

"ನಿಂಗೇನು ಅದ್ರಿಂದ?"

ಅವನು ಗ್ರೀಸು ಹತ್ತಿದ ಉಗುರುಗಳನ್ನು ನೋಡಿಕೊಂಡ.

"ಆವತ್ತೂ ಇಂಗೇ ಬಾಯ್ ಮುಚ್ಕೊಂಡಿದ್ದಿದ್ರೆ ನಮ್ಮಣ್ಣ ಇರ್ತಿದ್ದ! ನಿನ್ನ ಒಂದು ಫೋನಿಗೆ ಎದ್ದು ಓದ. ಯಾಕ್ ಮಾಡ್ದೆ ಅಂತ ಇವತ್ತಿಗೂ ಏಳಿಲ್ಲ ನೀನು."

"ಏಳೋ ಅಂಗಿದ್ರೆ ಏಳ್ತಿರ್ಲಿಲ್ವಾ..."

ಅವಳು ಅವನನ್ನು ದಾಟಿ ನಡೆದುಬಿಟ್ಟಳು.

ಆವತ್ತು ಸ್ಕೂಟರ್ ಪಂಚರ್ ಆಗಿತ್ತು. ಕೆಜಿಎಫ್ ಪಕ್ಕದ ಮಾರಿಕುಪ್ಪಂಗೆ ಹೊರಟಿದ್ದ ಟೊಮ್ಯಾಟೊ ಟೆಂಪೊ ಹತ್ತಿದ ವೆಂಕಿ, ಗಾಜಿನಾಚೆಗೆ ಎರಡು ಬೆರಳು ಎತ್ತಿ ತೋರಿಸಿದ್ದ. ಯಾರನ್ನು ಕಂಡರೂ ಅವನದು ಅದೇ ಅಭ್ಯಾಸ. ಗಾಡಿ ಓಡಿಸುತ್ತಿದ್ದರೂ ಹ್ಯಾಂಡಲಿನಿಂದ ಎಡಗೈಯ ಎರಡು ಬೆರಳು ಎತ್ತುತ್ತಿದ್ದ. ಸೈನೈಡ್ ದಿಬ್ಬದ ಕೆಳಗಿನ ತಿರುವಿನಲ್ಲಿ ಟೆಂಪೊ ಮಗುಚಿತು. ಗಣಿ ಮುಚ್ಚಿದ ಮೇಲೂ ಉಳಿದುಕೊಂಡಿರುವ ಆ ಬೂದು ಮಣ್ಣಿನ ದಿಬ್ಬದ ಧೂಳು ಅವನ ರೆಪ್ಪೆಗಳ ಮೇಲೆ ಕೂತಿತ್ತು. ಮನೆಗೆ ತಂದಾಗ ಅದನ್ನು ಒರೆಸಿದವಳು ನವ್ಯ.

ಅಂದಿನಿಂದ ಮುನೀಂದ್ರ ತಮ್ಮ ಹೊಸಿಲು ತುಳಿಯಕೂಡದೆಂದು ಅವಳು ಹೇಳಿಬಿಟ್ಟಿದ್ದಳು.

* * *

ಕಾಮಸಮುದ್ರದ ಹತ್ತಿರದ ಆ ಊರಲ್ಲಿ ನವ್ಯ ಹಾಲಿನ ಡೈರಿಯಲ್ಲಿ ಕೆಲಸ ಮಾಡುತ್ತಿದ್ದಳು. ಬಿ.ಎಸ್ಸಿ. ಓದಿದವಳು. ಬೆಳಗ್ಗೆ ಐದೂವರೆಗೆ ಹೋಗಿ, ಪ್ರತಿ ಮನೆಯ ಹಾಲಿನ ಫ್ಯಾಟು, ಲ್ಯಾಕ್ಟೋಮೀಟರಿನ ಡಿಗ್ರಿ ನೋಡಿ ಬರೆದು, ಎಂಟೂಕಾಲಿಗೆ ವಾಪಸು. ಕಣ್ಣಿಗೆ ಕಂಡದ್ದನ್ನೂ ಅಳೆದು ನೋಡದೆ ಅವಳು ನಂಬುತ್ತಿರಲಿಲ್ಲ.

ಆ ಸೋಮವಾರ ಸಂಜೆ ಕೊಟ್ಟಿಗೆಯ ಮೂಲೆಗೆ ಹೋಗಿ ಟಾರ್ಪಾಲು ಎತ್ತಿದಳು. ಮೀಟರ್ ನೋಡಿ ಪುಸ್ತಕದಲ್ಲಿ ಬರೆದಳು: 24,318. ಸ್ಕೂಟರಿನ ಸುತ್ತ, ಕೊಟ್ಟಿಗೆಯ ಬಾಗಿಲವರೆಗೆ, ರಾಗಿ ಹಿಟ್ಟನ್ನು ತೆಳ್ಳಗೆ ಉದುರಿಸಿದಳು.

ಒಳಗೆ ಅಮ್ಮ ಅನಸೂಯಮ್ಮ ಮೂರು ಮುದ್ದೆ ಕಟ್ಟುತ್ತಿದ್ದಳು.

"ಮೂರ್ಯಾಕಮ್ಮಾ? ಇರೋರು ನಾವಿಬ್ರೇ."

"ವೆಂಕಿ ಬೆಳಗ್ಗೆ ತಣ್ಣಂದು ಉಣ್ತಾನೆ ಕಣವ್ವ" ಎಂದಳು ಅಮ್ಮ, ತಲೆ ಎತ್ತದೆ.

ನವ್ಯ ಮೂರನೇ ಮುದ್ದೆಯನ್ನೇ ನೋಡಿದಳು. 'ಅಮ್ಮನ ಬುದ್ಧಿ ಜಾರುತ್ತಿದೆಯೇ... ಅಥವಾ ಅಮ್ಮನಿಗೆ ಕಾಣುವುದು ನನಗೆ ಕಾಣುತ್ತಿಲ್ಲವೇ?'

ಮಂಗಳವಾರ ಡೈರಿಯಿಂದ ಓಡೋಡಿ ಬಂದಳು.

ಹಿಟ್ಟಿನ ಮೇಲೆ ಚಕ್ರದ ಎರಡು ಗೆರೆ. ಒಂದು ಹೊರಗೆ, ಒಂದು ಒಳಗೆ. ಬೂಟಿನ ಗುರುತು ಅಂಗಳದವರೆಗೆ ಬಂದು ಮಣ್ಣಿನಲ್ಲಿ ಕಳೆದುಹೋಗಿತ್ತು. ಮುದ್ದೆಯ ತಟ್ಟೆ ಖಾಲಿ. ಮೀಟರ್ 24,354. ಮೂವತ್ತಾರು ಕಿಲೋಮೀಟರು.

ಟಾರ್ಪಾಲಿನ ಕೆಳಗೆ ಕೈ ಇಟ್ಟಳು.

ಎಂಜಿನ್ ಇನ್ನೂ ಬೆಚ್ಚಗಿತ್ತು. ಈಗಷ್ಟೇ ಮಲಗಿದ ಮನುಷ್ಯನ ಮೈಯಂತೆ!

ಹೆದರಿ ಕೈ ತೆಗೆಯಬೇಕಿತ್ತು. ತೆಗೆಯಲಿಲ್ಲ. ಅಲ್ಲೇ ಕೂತು, ಆ ಬಿಸಿ ಪೂರ್ತಿ ಆರುವವರೆಗೆ ಅಂಗೈ ಒತ್ತಿಯೇ ಇದ್ದಳು. ಯಾರಿಗೂ ಹೇಳಲಾಗದ ಒಂದು ಆಸೆ ಅವಳೊಳಗೆ ತಲೆ ಎತ್ತಿತ್ತು. 'ಅಣ್ಣಾ... ನೀನೇ ಆಗಿದ್ರೆ ಎಷ್ಟು ಚೆನ್ನಾಗಿರುತ್ತೆ!'

ಹಿಟ್ಟನ್ನು ಮತ್ತೆ ಸಮ ಮಾಡಿದಳು. ಬುಧವಾರ ನೋಡಿದಳು: ಒಂದು ಗೆರೆಯೂ ಇಲ್ಲ. ಮೀಟರ್ 24,354. ಗುರುವಾರವೂ ಅಷ್ಟೇ. ಬರೆದಿಟ್ಟಳು.

* * *

ಶುಕ್ರವಾರ ಡೈರಿಯ ಕೆಲಸವನ್ನು ಗೆಳತಿ ರಾಧಳಿಗೆ ಒಪ್ಪಿಸಿ, ಸಿಕ್ಕಿದ ಹಾಲಿನ ಗಾಡಿ ಹತ್ತಿ ಬಂಗಾರಪೇಟೆಗೆ ಬಂದಳು. ಬಸ್ ದಾರಿಯ ಕ್ಯಾಮೆರಾ ಕಂಬದ ಕೆಳಗೆ ನಿಂತಳು.

ಮಂಜು ಎಷ್ಟು ದಟ್ಟವಾಗಿತ್ತೆಂದರೆ ಬಸ್ಸುಗಳಿಗೆ ದೀಪ ಮಾತ್ರ ಇತ್ತು, ಮೈ ಇರಲಿಲ್ಲ. ಆರೂ ಮೂವತ್ತೆಂಟು... ಆರೂ ನಲವತ್ತು...

ಒಂದೇ ಒಂದು ದೀಪ ತಿರುಗಿತು.

ಆ ಸದ್ದು! ಮೂರನೇ ಗೇರಿನಲ್ಲಿ ಸ್ವಲ್ಪ ಕೆಮ್ಮುವ ಆ ಸದ್ದು ಅವಳಿಗೆ ನಿದ್ದೆಯಲ್ಲೂ ಗೊತ್ತು. ಮಂಜಿನೊಳಗಿಂದ ಸಾಸಿವೆ ಬಣ್ಣದ ಜರ್ಕಿನ್ನು ಬಂತು. ಹಿಂದೆ ಒಬ್ಬಳು ಮುದುಕಿ, ಅವನ ಭುಜ ಹಿಡಿದು ಕೂತಿದ್ದಳು. ಕೋಲಾರದ ಬಸ್ಸಿನ ಬಾಗಿಲಿಗೇ ತಂದು ಸ್ಕೂಟರ್ ನಿಂತಿತು.

ಮುದುಕಿ ಊರಾಚೆಯ ಗುಡಿಸಲಿನ ಪೆದ್ದಮ್ಮ. ಕೂಲಿ ಮಾಡಿ ಬದುಕಿದವಳು. ಈಗ ಕಣ್ಣು ಮಂಜು, ಕಿಡ್ನಿ ಕೆಟ್ಟಿದೆ.

ಅವನು ಅವಳನ್ನು ಎತ್ತಿ ಇಳಿಸಿದ. ಪೆದ್ದಮ್ಮ ಜರ್ಕಿನ್ನಿನ ಮೊಣಕೈ ತಡವಿ, ಹೊಲಿಗೆ ಸಿಕ್ಕಿದ ಮೇಲೆ ನಕ್ಕಳು.

"ಬತ್ತೀನಿ ಕಣ್ಲಾ ವೆಂಕಿ. ಇವತ್ತು ಮತ್ತೆ ಗಂಟ್ಲು ಕಟ್ಬಿಡ್ತಾ ನಿಂಗೆ? ಮೊನ್ನೆ ಬುಧವಾರ ಬಾಗ್ಲಿಗೆ ಬಂದು ಅಷ್ಟೊತ್ತು ಮಾತಾಡ್ದೆ... ಬಿಸಿನೀರು ಕುಡಿ ಲೇ."

ಅವನು ಕೆಮ್ಮಿದ. ಅವಳ ಕೈಗೆ ಆಸ್ಪತ್ರೆಯ ಪುಸ್ತಕ ಕೊಟ್ಟು, ಕಂಡಕ್ಟರಿಗೆ ಸನ್ನೆ ಮಾಡಿದ. ಬಸ್ಸು ಹೊರಟಿತು.

"ಅಣ್ಣಾ..."

ನವ್ಯಳಿಗೆ ತನ್ನ ದನಿ ತನ್ನದೇ ಅನಿಸಲಿಲ್ಲ.

ಜರ್ಕಿನ್ನು ಬೆಚ್ಚಿ ತಿರುಗಿತು. ನಿಧಾನವಾಗಿ ಹೆಲ್ಮೆಟ್ಟು ತೆಗೆಯಿತು.

ಮುನೀಂದ್ರ!

ಅಣ್ಣ ಎರಡನೇ ಸಲ ಸತ್ತಂತಾಯಿತು. ಹತ್ತಿರ ಬಂದವನ ಎದೆಗೆ ಎರಡೂ ಮುಷ್ಟಿಯಿಂದ ಗುದ್ದಿದಳು.

"ಅವನ ಬಟ್ಟೆ ಆಕ್ಕೊಂಡು... ಅವನ ಗಾಡಿ... ಯಾವ ಧೈರ್ಯ ನಿಂಗೆ!"

ಅವನು ಗುದ್ದಿಸಿಕೊಂಡೇ ನಿಂತ. ಅವಳ ಕೈ ಸೋತ ಮೇಲೆ ಮಾತಾಡಿದ.

"ಡಯಾಲಿಸಿಸ್ಸು ಬ್ಯಾಡ, ಸಾಯ್ತೀನಿ ಅಂತ ಕೂತಿದ್ಲು ಪೆದ್ದಮ್ಮ. ವೆಂಕಿನೇ ಒಪ್ಸಿದ್ದು. ಮಂಗಳವಾರ, ಶುಕ್ರವಾರ ಬಸ್ ಬಾಗ್ಲಿಗೇ ಬಿಡ್ತೀನಿ ಅಂತ ಮಾತು ಕೊಟ್ಟಿದ್ದ. ಅವನು ಓದ್ಮೇಲೆ ಎರಡು ವಾರ ಓಗ್ಲಿಲ್ಲ ಅವಳು. ಮೈಯೆಲ್ಲ ಊದ್ಕೊಂತು. ವೆಂಕಿ ಬಂದ್ರೇ ಓಗೋದು ಅಂದ್ಲು. ಅವನಿಲ್ಲ ಅಂತ ಏಳೋಕೆ ಯಾರಿಗೂ ಬಾಯಿ ಬರ್ಲಿಲ್ಲ."

"ಅದಕ್ಕೆ..."

"ನಿಮ್ಮಮ್ಮನೇ ಕರೆಸಿ ಬೀಗದ ಕೈ ಕೊಟ್ಲು. ಜರ್ಕಿನ್ನೂ ಅವಳೇ ಎತ್ತಿಟ್ಟಿದ್ಲು. ನಿಂಗೆ ಏಳ್ಬೇಡ ಅಂತ ಆಣೆ ಆಕಿಸ್ಕೊಂಡ್ಲು. ನನ್ನ ಕಂಡ್ರೆ ನೀನು ಗಾಡಿನೇ ಮಾರ್ಬಿಡ್ತೀಯ ಅಂತ ಭಯ. ನೋಟಿಸು ಬಂದಿದ್ದೂ ಅವಳೇ ಏಳಿದ್ದು."

ಮೂರನೇ ಮುದ್ದೆ ಯಾರಿಗೆಂದು ನವ್ಯಳಿಗೆ ಈಗ ತಿಳಿಯಿತು. ಪೊಲೀಸು ಕೇಸಿನ ಮಾತು ಕಿವಿಗೆ ಬಿದ್ದ ಮೇಲೂ ಇವನು ಮಂಗಳವಾರ ತಪ್ಪಿಸಿರಲಿಲ್ಲ. ಇವತ್ತೂ ತಪ್ಪಿಸಲಿಲ್ಲ.

"ಬುಧವಾರ ಮಾತಾಡ್ದೆ ಅಂದ್ಲಲ್ಲ?"

"ಪಾಪ, ಅವಳಿಗೆ ದಿನ ನೆನಪಿರಲ್ಲ. ಬುಧವಾರ ನಾನು ಈ ಕಡೆಗೇ ಬಂದಿಲ್ಲ."

ನವ್ಯ ಬಸ್ಸು ಹೋದ ದಿಕ್ಕಿಗೆ ನೋಡಿ, ಅವನ ಕಡೆಗೆ ತಿರುಗಿದಳು.

"ಮುನೀಂದ್ರ... ಆವತ್ತು ಯಾಕೆ ಫೋನ್ ಮಾಡ್ದೆ?"

ಅವನು ಹೆಲ್ಮೆಟ್ಟಿನ ಪಟ್ಟಿಯನ್ನು ಬಿಚ್ಚಿದ, ಹಾಕಿದ. ಮತ್ತೆ ಬಿಚ್ಚಿದ.

"ನಿನ್ನ ಮದ್ವೆ ಆಗ್ಲಾ ಅಂತ ಕೇಳೋಕೆ. ನಿನ್ನ ಕೇಳೋಕ್ ಮುಂಚೆ ಅವನ್ನ ಕೇಳ್ಬೇಕು ಅನ್ನಿಸ್ತು."

"...ಏನಂದ?"

"ನಕ್ಕ. ಫೋನಲ್ಲಿ ಬ್ಯಾಡ ಕಣ್ಲಾ, ಇದನ್ನ ಕೇಳುವಾಗ ನಿನ್ನ ಮುಖ ಎಂಗಿರ್ತದೆ ನೋಡ್ಬೇಕು, ಅಲ್ಲೇ ಇರು ಬತ್ತೀನಿ ಅಂದ." ಅವನ ದನಿ ಒಡೆಯಿತು. "ಇದನ್ನ ಎಂಗ್ ಏಳ್ಲಿ ನವ್ಯ ನಿಂಗೆ? ನಿನ್ನ ಆಸೆಪಟ್ಟಿದ್ದಕ್ಕೆ ನಿಮ್ಮಣ್ಣ ಓದ ಅಂತ ಏಳ್ಲಾ?"

ನವ್ಯಳ ಕಣ್ಣೀರು ಇಳಿಯುತ್ತಲೇ ಇತ್ತು. ಅವನ ಬಲ ಮೊಣಕೈಯ ಹೊಲಿಗೆ ಒಂದು ಕಡೆ ಬಿಟ್ಟುಕೊಂಡಿತ್ತು. ಆ ದಾರದ ತುದಿಯನ್ನು ಬೆರಳಲ್ಲಿ ಸುತ್ತಿ, ಒಳಕ್ಕೆ ಸೇರಿಸಿದಳು. ನಂತರ ಸುಮ್ಮನೆ ಹೋಗಿ ಕಾಮಸಮುದ್ರದ ಬಸ್ಸು ಹತ್ತಿದಳು.

* * *

ಸೋಮವಾರ ಅಂಬರೀಶರ ಮೇಜಿನ ಮುಂದೆ ಇಬ್ಬರೂ ನಿಂತಿದ್ದರು. ಮುನೀಂದ್ರನ ಕೈಯಲ್ಲಿ ಪೆದ್ದಮ್ಮನ ಆಸ್ಪತ್ರೆಯ ಪುಸ್ತಕ. ಅವಳು ಅರ್ಜಿಯಲ್ಲಿ ಏನು ಬರೆದಿದ್ದಾಳೆಂದು ಅವನಿಗೆ ಗೊತ್ತಿರಲಿಲ್ಲ. ಕಳವೆಂದು ಬರೆದಿದ್ದರೂ ಒಪ್ಪಿಕೊಳ್ಳುವವನಂತೆ ತಲೆ ತಗ್ಗಿಸಿದ್ದ.

ಅಂಬರೀಶ್ ಪುಸ್ತಕದ ತಾರೀಖುಗಳನ್ನು ನೋಟಿಸಿನ ಜೊತೆ ಹೋಲಿಸಿದರು. ಆಮೇಲೆ ಅರ್ಜಿ ಓದತೊಡಗಿದರು.

"ನಡೆಯಲಾಗದ ರೋಗಿಯನ್ನು ಬಸ್ಸಿಗೆ ಹತ್ತಿಸಲು... ಸರಿ. ಮನೆಯವರ ಒಪ್ಪಿಗೆಯಿಂದ... ಸರಿ. ಓಡಿಸಿದವರು ಮುನೀಂದ್ರ. ಅರ್ಜಿದಾರರಿಗೆ ಏನಾಗಬೇಕು..."

ಅವರು ನಿಂತರು. ಕನ್ನಡಕದ ಮೇಲಿಂದ ನೋಡಿದರು.

"ಏನಪ್ಪಾ, ಇದು ನಿನಗೆ ಗೊತ್ತಿದೆಯಾ?"

"ಏನ್ ಸಾರ್?"

ಅರ್ಜಿಯನ್ನು ಅವನ ಕಡೆ ತಿರುಗಿಸಿದರು. ದುಂಡನೆಯ ಅಕ್ಷರದಲ್ಲಿ ನವ್ಯ ಬರೆದಿದ್ದಳು: 'ಮದುವೆಯಾಗಲಿರುವವರು.'

ಮುನೀಂದ್ರ ಎರಡು ಸಲ ಓದಿದ. ಮೂರನೇ ಸಲ ಓದಲು ಅವನ ಕಣ್ಣು ಬಿಡಲಿಲ್ಲ.

"ಕೇಳ್ದೇ ಬರ್ದಿದೀನಿ. ತಪ್ಪಿದ್ರೆ ಒಡೆದಾಕು" ಎಂದಳು ನವ್ಯ, ಕಿಟಕಿ ನೋಡುತ್ತ.

"ಇಲ್ಲ... ಇಲ್ಲ, ತಪ್ಪೇನಿಲ್ಲ!"

ಅಂಬರೀಶ್ ನಗು ತಡೆದುಕೊಂಡು ಮುದ್ರೆ ಒತ್ತಿದರು. "ಎರಡೂ ರದ್ದು. ಮಂಗಳವಾರ, ಶುಕ್ರವಾರಕ್ಕೆ ಒಂದು ಅನುಮತಿ ಚೀಟಿ ಕೊಡ್ತೀನಿ. ಹೋದ ಮಂಗಳವಾರ, ಶುಕ್ರವಾರದ ಹೊಸ ಫೋಟೋಗಳೂ ಅದಕ್ಕೇ ಸೇರ್ತವೆ. ಆದ್ರೆ ಶನಿವಾರ ಇನ್ನೊಂದು ನೋಟಿಸು ಬಂದಿದೆ, ಅದು ಬುಧವಾರದ್ದು. ಆಸ್ಪತ್ರೆ ದಿನ ಅಲ್ಲ."

"ಬುಧವಾರ ನಾನು ಗಾಡಿ ಮುಟ್ಟೇ ಇಲ್ಲ ಸಾರ್. ಗ್ಯಾರೇಜಲ್ಲಿದ್ದೆ" ಎಂದ ಮುನೀಂದ್ರ.

ಅಂಬರೀಶ್ ಪರದೆ ತಿರುಗಿಸಿದರು.

ಅದೇ ದಾರಿ. ಅದೇ ನೀಲಿ ಸ್ಕೂಟರ್. ಹಿಂದಿನ ಸೀಟು ಖಾಲಿ. ಮುನೀಂದ್ರನ ಫೋಟೋಗಳಲ್ಲಿ ತಲೆ ತಗ್ಗಿರುತ್ತಿತ್ತು. ಇದರಲ್ಲಿ ಹೆಲ್ಮೆಟ್ಟು ನೇರವಾಗಿ ಕ್ಯಾಮೆರಾ ನೋಡುತ್ತಿತ್ತು. ಗಾಜಿನ ತುಂಬ ಬೂದು ಧೂಳು.

ಹ್ಯಾಂಡಲಿನಿಂದ ಎಡಗೈಯ ಎರಡು ಬೆರಳು ಎದ್ದಿದ್ದವು.

ಮುನೀಂದ್ರನ ಕೈ ನವ್ಯಳ ಕೈ ಹುಡುಕಿತು.

"ಬುಧವಾರ ಗಾಡಿ ಮನೆಯಲ್ಲಿತ್ತು ಅನ್ನೋದಕ್ಕೆ ಏನಾದ್ರೂ ದಾಖಲೆ ಇದ್ರೆ ಇದನ್ನೂ ರದ್ದು ಮಾಡಬಹುದು ಮೇಡಂ."

ದಾಖಲೆ ಅವಳ ಚೀಲದಲ್ಲೇ ಇತ್ತು. ತಾರೀಖು, ಗಂಟೆ, ಮೀಟರ್ 24,354, ಹಿಟ್ಟಿನ ಮೇಲೆ ಗೆರೆ ಇಲ್ಲ. ಒಂದು ವಾರದ ಹಿಂದೆ ಅವಳು ಸಾಧಿಸಬೇಕೆಂದು ಹೊರಟಿದ್ದು ಇದನ್ನೇ.

ನವ್ಯ ಚೀಲದ ಜಿಪ್ಪು ಎಳೆದು ಮುಚ್ಚಿದಳು.

"ಇದಕ್ಕೆ ಮೇಲ್ಮನವಿ ಬೇಡ ಸಾರ್. ಒಪ್ಕೊಂಡಿದೀವಿ. ದಂಡ ಕಟ್ತೀನಿ."

"ಓಡಿಸಿದವರ ಹೆಸರು?"

"ಮಾಲೀಕರೇ ಸಾರ್."

ಅಂಬರೀಶ್ ಪರದೆಯನ್ನು ನೋಡಿದರು. ಅವಳನ್ನು ನೋಡಿದರು. ಕೊನೆಗೆ, ಒಂದು ಮಾತೂ ಕೇಳದೆ, ವೆಂಕಿಯ ಹೆಸರು ಒತ್ತಿದರು.

ಹೊರಗೆ ಬಿಸಿಲು ಬಂದಿತ್ತು. ಮುನೀಂದ್ರ ಸ್ಕೂಟರ್ ಚಾಲೂ ಮಾಡಿದ. ನವ್ಯ ಹಿಂದೆ ಕೂತು ಅವನ ಭುಜದ ಮೇಲೆ ಕೈ ಇಟ್ಟಳು.

"ಭಯ ಆಯ್ತಾ?" ಎಂದಳು.

"ಊಂ. ನಿಂಗೆ?"

"ಆಯ್ತು. ಆದ್ರೂ ಇನ್ನೊಂದ್ಸಲ ನೋಡ್ಬೇಕು ಅನ್ನಿಸ್ತು."

ಅವನು ಕನ್ನಡಿಯಲ್ಲಿ ಅವಳನ್ನು ನೋಡಿದ. "ಇದನ್ನ ಕೇಳುವಾಗ ನನ್ನ ಮುಖ ನೋಡ್ಬೇಕು ಅಂದಿದ್ದ ಕಣೆ ಅವನು. ನಾನು ಕೇಳ್ಲೇ ಇಲ್ಲ, ನೀನೇ ಬರ್ದ್ಬಿಟ್ಟೆ."

"ಅಂಗಾದ್ರೆ ಈಗ ಕೇಳು."

ಬಸ್ ದಾರಿಯ ಬಾಯಲ್ಲಿ, ಬಿಳಿ ಗೆರೆಯ ಈಚೆಗೆ, ಅವನು ಗಾಡಿ ನಿಲ್ಲಿಸಿದ. ಹೆಲ್ಮೆಟ್ಟು ತೆಗೆದ. ಕಂಬದ ಮೇಲಿನ ಕ್ಯಾಮೆರಾದ ಕಡೆಗೆ ಒಮ್ಮೆ ನೋಡಿ, ಅವಳ ಕಡೆಗೆ ತಿರುಗಿದ. ಕಿವಿಯವರೆಗೂ ಕೆಂಪಗಾಗಿದ್ದ.

"ನವ್ಯ... ನನ್ನ ಮದ್ವೆ ಆಗ್ತೀಯಾ?"

ಅವಳು ನಗುತ್ತ, ಅಳುತ್ತ, ಕ್ಯಾಮೆರಾಕ್ಕೆ ಎಡಗೈಯ ಎರಡು ಬೆರಳು ಎತ್ತಿ ತೋರಿಸಿದಳು.

"ನೋಡ್ದಾ ಅಣ್ಣಾ ಇವನ ಮುಖಾನ?" ಎಂದಳು. ಆಮೇಲೆ ಅವನ ಬೆನ್ನಿಗೆ ಹಣೆ ಒತ್ತಿದಳು. "ಊಂ, ಆಗ್ತೀನಿ. ನಡೀ ಮನೆಗೆ. ಅಮ್ಮ ಮೂರು ಮುದ್ದೆ ಕಟ್ಟಿರ್ತಾಳೆ."