ಹನ್ನೆರಡು ಗೆರೆ

"ಮೇಡಂ, ನನ್ನ ಕೈ ಯಾಕೋ ಲೆಕ್ಕ ಹಾಕ್ತಾ ಐತೆ," ಎಂದರು ಶಶಿಕಿರಣ್.

ಫಿಸಿಯೋಥೆರಪಿ ಕೋಣೆಯಲ್ಲಿ ಅವರ ಎದುರು ಕೂತಿದ್ದ ನಾನು ಫೈಲಿನಿಂದ ತಲೆಯೆತ್ತಿದೆ. ಅವರ ಬಲಗೈಗೆ ತೊಡಿಸಿದ್ದ ರೋಬೋ ಗ್ಲೌಸಿನೊಳಗೆ ಹೆಬ್ಬೆರಳು ಉಳಿದ ಬೆರಳುಗಳ ಗೆರೆಗಳನ್ನು ಒಂದೊಂದಾಗಿ ಮುಟ್ಟುತ್ತಿತ್ತು.

ತಪ್ಪು ನನ್ನದೇ. ಆ ಯಂತ್ರಕ್ಕೆ ಎರಡು ಗ್ಲೌಸು. ಪೇಷೆಂಟು ತೆಳುವಾದದ್ದನ್ನು ತನ್ನ ಒಳ್ಳೆಯ ಕೈಗೆ ಹಾಕಿಕೊಂಡು ಬೆರಳಾಡಿಸಿದರೆ, ಮೋಟಾರಿನ ಗ್ಲೌಸು ಸೋತ ಕೈಯನ್ನೂ ಹಾಗೆಯೇ ಆಡಿಸುತ್ತದೆ. ತೆಳು ಗ್ಲೌಸನ್ನು ಮೊದಲು ನಾನು ತೊಟ್ಟು ಪರೀಕ್ಷಿಸಬೇಕು. ಅಂದು ಬಿಚ್ಚಲು ಮರೆತಿದ್ದೆ. ಚಿಂತೆಯಾದರೆ ಬೆರಳ ಗೆರೆ ಎಣಿಸುವುದು ಸಂಜೆ ಕಾಲೇಜಿನ ಪರೀಕ್ಷೆಗಳ ಕಾಲದಿಂದ ನನಗಂಟಿದ ಚಾಳಿ.

"ಏನು ಎಣಿಸ್ತಿದ್ರಿ?" ಎಂದು ಕೇಳಿದರು.

"ಏನಿಲ್ಲ ಬಿಡಿ."

"ಏನಿಲ್ದೆ ಹನ್ನೆರಡಕ್ಕೆ ಸರಿಯಾಗಿ ನಿಂತ್ರಾ?"

ತೆಳು ಗ್ಲೌಸು ಬಿಚ್ಚಿ ಮೇಜಿನ ಮೇಲಿಟ್ಟೆ. ಕಿವಿ ಬಿಸಿಯಾಗಿತ್ತು. ಅವರು ಚಿಕಿತ್ಸೆಗೆ ಬರುವ ದಿನಗಳು ಇನ್ನು ಹನ್ನೆರಡೇ ಉಳಿದಿದ್ದವು.

ಶಶಿಕಿರಣ್ ಅರಸೀಕೆರೆಯ ಮಂಡಿಯಲ್ಲಿ ಕೊಬ್ಬರಿ ಆರಿಸುವವರು. ಹಳೇಬೀಡು ರಸ್ತೆಯಲ್ಲಿ ಬೈಕಿನಿಂದ ಬಿದ್ದು ಭುಜದ ನರಕ್ಕೆ ಪೆಟ್ಟಾಗಿತ್ತು. ಒಣಗಾಯನ್ನು ಬಲಗೈಯಲ್ಲಿ ಕುಲುಕಿ, ಒಳಗೆ ಕೊಬ್ಬರಿ ಚಿಪ್ಪು ಬಿಟ್ಟಿದೆಯೋ ಇಲ್ಲವೋ ಸದ್ದಿನಿಂದಲೇ ಹೇಳುವುದು ಅವರ ಕೆಲಸ. ಎಡಗೈಗೆ ಆ ಅಂದಾಜು ಸಿಗುವುದಿಲ್ಲವಂತೆ.

ಒಂದು ದಿನ ಕಾಯಿ ತಂದು ನನ್ನ ಕೈಗಿಟ್ಟರು. "ನೀವೇ ಕುಲುಕಿ, ನನ್ನ ಕಿವಿ ಹತ್ರ."

ಕುಲುಕಿದೆ. ಅವರು ಕಣ್ಣು ಮುಚ್ಚಿ ಕೇಳಿದರು. ಇಷ್ಟು ಹತ್ತಿರದಿಂದ ಆ ಮುಖವನ್ನು ಯಾರ ಭಯವೂ ಇಲ್ಲದೆ ನೋಡಿದ್ದು ಅದೇ ಮೊದಲು.

"ನಿಮ್ಮ ಬಳೆ ಸದ್ದು ಅಡ್ಡ ಬರ್ತೈತೆ."

"ತೆಗೀಲಾ?"

"ಬ್ಯಾಡ," ಎಂದರು, ಕಣ್ಣು ತೆರೆಯದೆ. "ಇರ್ಲಿ."

ಹನ್ನೆರಡನೆಯ ದಿನ ಗ್ಲೌಸಿಲ್ಲದೆ ಪರೀಕ್ಷೆ. ಹೆಬ್ಬೆರಳು ಕಿರುಬೆರಳಿನ ಬುಡ ಮುಟ್ಟಿದರೆ ಚಿಕಿತ್ಸೆ ಮುಗಿದಂತೆ. ನಾನು ಬರೆದ ಅಳತೆ ನೋಡಿಯೇ ಡಾಕ್ಟರ್ ಕುಮಾರಸ್ವಾಮಿ ಸಹಿ ಹಾಕುತ್ತಾರೆ. 'ಇನ್ನೂ ನಾಲ್ಕು ವಾರ ಬೇಕು' ಎಂದು ಬರೆದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಬೆಳಗಿನಿಂದ ಆ ಸಾಲು ಮನಸ್ಸಿನಲ್ಲಿ ಕೂತಿತ್ತು.

"ಶುರು ಮಾಡಿ," ಎಂದೆ.

ಅವರು ನೇರ ಕಿರುಬೆರಳಿಗೆ ಹೋಗಲಿಲ್ಲ. ತೋರುಬೆರಳಿನ ಮೊದಲ ಗೆರೆಯಿಂದ ಹಿಡಿದರು. ಒಂದು. ಎರಡು. ಹೆಬ್ಬೆರಳು ನಡುಗುತ್ತಿತ್ತು, ಆದರೆ ನಿಲ್ಲಲಿಲ್ಲ. ಒಂಬತ್ತಕ್ಕೆ ಹಣೆಯಲ್ಲಿ ಬೆವರು. ಹನ್ನೆರಡಕ್ಕೆ ಕಿರುಬೆರಳಿನ ಬುಡ.

"ಅವತ್ತು ನೀವು ಹನ್ನೆರಡಕ್ಕೆ ನಿಂತ್ರಿ," ಎಂದರು ಮೆಲ್ಲಗೆ. "ನಾನೂ ದಿನಾ ಮನೇಲಿ ಎಣಿಸ್ತಿದ್ದೆ. ಹನ್ನೊಂದು, ಹತ್ತು, ಒಂಬತ್ತು... ಕಮ್ಮಿ ಆಗ್ತಾ ಬಂದಂಗೆ ಎಣಿಸೋದೇ ಬ್ಯಾಡ ಅನ್ಸೋದು."

ನನಗೆ ಅಕ್ಷರ ಕಾಣುತ್ತಿರಲಿಲ್ಲ. ಆದರೂ ಇದ್ದದ್ದನ್ನು ಇದ್ದ ಹಾಗೆಯೇ ಫೈಲಿನಲ್ಲಿ ಬರೆದೆ: ಹೆಬ್ಬೆರಳು ಪೂರ್ತಿ ಮುಟ್ಟಿತು. ಹಿಡಿತ ಸರಿಯಿದೆ. ಚಿಕಿತ್ಸೆ ಮುಗಿಯಿತು. ಒಳಗೆ ಹೋಗಿ ಡಾಕ್ಟರ ಸಹಿ ಹಾಕಿಸಿಕೊಂಡು ಬಂದೆ.

"ಇನ್ನು ನಾನು ನಿಮ್ಮ ಪೇಷೆಂಟ್ ಅಲ್ಲ?"

"ಅಲ್ಲ."

ಅವರು ಬಲಗೈಯನ್ನು ಮೇಜಿನ ಮೇಲೆ ಅಂಗೈ ಮೇಲಾಗಿ ಇಟ್ಟರು. ಇಷ್ಟು ದಿನ ಆ ಕೈಗೆ ಪಟ್ಟಿ ಬಿಗಿದಿದ್ದೆ, ಬೆರಳು ಬಿಡಿಸಿದ್ದೆ, ಕೋನ ಅಳೆದಿದ್ದೆ. ಒಮ್ಮೆಯೂ ಹಿಡಿದಿರಲಿಲ್ಲ. ನನ್ನ ಕೈ ಇಟ್ಟೆ. ಬೆರಳುಗಳು ನಿಧಾನವಾಗಿ ಮುಚ್ಚಿಕೊಂಡವು.

"ಹಿಡಿತ ಸಾಕಾ, ಯಶೋಧರಾ?" ಮೇಡಂ ಎನ್ನಲಿಲ್ಲ.

ಚೆನ್ನಾಗಿಯೇ ಇತ್ತು. ಈಗಷ್ಟೇ ಬರೆದಿದ್ದೆನಲ್ಲ.

"ಸಾಲದು," ಎಂದೆ.