ಒಂದು ಫರ್ಲಾಂಗಿನ ಉಸಿರು

ಮುದುಕ ಜೇಬೆಜ್ ಆರ್ಗಿಲ್ ತನ್ನ ಹೊಲದ ಬೇಲಿಯ ಬುಡದಲ್ಲಿ ಬೋರಲು ಬಿದ್ದಿದ್ದ. ತಲೆ ಒಡೆದಿತ್ತು. ಪಕ್ಕದಲ್ಲೇ ನೇಗಿಲಿನ ಬೋಲ್ಟ್ ಬಿಗಿಯುವ ಸ್ಪಾನರ್. ಎರಡೂ ಕುದುರೆಗಳು ನೇಗಿಲಿಗೆ ಕಟ್ಟಿದಂತೆಯೇ ನಿಂತಿದ್ದವು. ಮೈಮೇಲಿನ ಬೆವರು ಒಣಗಿ ಬಿಳಿ ಉಪ್ಪಾಗಿತ್ತು.

ನಾವು ಪೊಲೀಸರು ತಲುಪುವಷ್ಟರಲ್ಲಿ ಊರಿನವರೇ ಕೊಲೆಗಾರನನ್ನು ಹಿಡಿದು ಕೂರಿಸಿದ್ದರು. ಆಳು ಏಮಸ್ ಟಿಕ್. ಹಿಂದಿನ ದಿನವಷ್ಟೇ ಜೇಬೆಜ್ ಅವನನ್ನು ಕೆಲಸದಿಂದ ಓಡಿಸಿದ್ದ.

"ನಾನಲ್ಲ ಸಾರ್. ಎಂಟರಿಂದ ಒಂಬತ್ತೂವರೆ ತನಕ ಗಿರಣೀಲಿ ಕೆಲಸ ಕೇಳ್ತಾ ನಿಂತಿದ್ದೆ. ಅಲ್ಲಿದ್ದೋರೆಲ್ಲ ನೋಡಿದಾರೆ."

"ಆಮೇಲೆ?"

"ಆಮೇಲೆ... ಕಾಡಲ್ಲಿ ಸೌದೆ ಆರಿಸ್ತಿದ್ದೆ. ಒಬ್ಬನೇ."

ಅಲ್ಲಿಗೆ ಅವನ ಕತೆ ಮುಗಿಯಿತು ಎಂದುಕೊಂಡೆ. ಒಂಬತ್ತೂಮುಕ್ಕಾಲಿಗೆ ಜೇಬೆಜ್ ಉಳುತ್ತಿದ್ದುದನ್ನು ಅಂಚೆಯವನು ರಸ್ತೆಯಿಂದ ಕಂಡಿದ್ದ. ಮಗ ರೂಬೆನ್ ಹತ್ತರಿಂದ ಮಧ್ಯಾಹ್ನದವರೆಗೆ ಕಾಲು ಗಂಟೆ ದಾರಿಯ ಕಮ್ಮಾರನ ಅಂಗಡಿಯಲ್ಲಿದ್ದ. ಇನ್ನು ಉಳಿದವನು ಏಮಸ್ ಒಬ್ಬನೇ, ಅವನಿಗೆ ನೇಣು ಖಾತ್ರಿ.

* * *

ಸಾರ್ಜೆಂಟ್ ಪೋಚಿನ್ ಮಾತ್ರ ಹೊಲದ ನಡುವೆ ನಿಂತು ಮಣ್ಣು ನೋಡುತ್ತಿದ್ದರು.

"ಅಂಚೆಯವನು ಮುಖ ನೋಡಿದ್ನೇನೋ?"

"ಇಲ್ಲ ಸಾರ್. ಜೇಬೆಜ್‌ನ ಕೆಂಪು ಪಟ್ಟಿಯ ಟೊಪ್ಪಿ ನೋಡಿದ್ನಂತೆ."

"ಟೊಪ್ಪಿ ಬೇಲಿ ಮೇಲಿದೆ. ತಲೆ ಒಡೆದಿದೆ, ಟೊಪ್ಪಿಗೆ ಒಂದು ಹನಿ ರಕ್ತ ಇಲ್ಲ." ಅವರು ಸಾಲುಗಳತ್ತ ಕೈ ತೋರಿಸಿದರು. "ಈ ಹೊಲದ ಉದ್ದ ಎಷ್ಟು?"

"ಎರಡು ಫರ್ಲಾಂಗು."

"ಫರ್ಲಾಂಗು ಅಂದ್ರೆ?"

"ಮೈಲಿಯ ಎಂಟನೇ ಒಂದು ಪಾಲು."

"ಅದು ನಿಮ್ಮ ಶಾಲೆ ಮೇಷ್ಟ್ರ ಲೆಕ್ಕ. ಆ ಮಾತಿನ ಅರ್ಥವೇ ನೇಗಿಲ ಸಾಲಿನುದ್ದ ಅಂತ. ಹಿಂದೆ ಎತ್ತುಗಳು ಒಂದೇ ದಮ್ಮಿಗೆ ಎಳೀತಿದ್ದ ದೂರ. ಅಷ್ಟಾದ ಮೇಲೆ ನಿಲ್ಲಿಸಿ ಉಸಿರಾಡೋಕೆ ಬಿಡ್ತಿದ್ರು. ಜೇಬೆಜ್ ಕುದುರೆಗೂ ಅದನ್ನೇ ಮಾಡ್ತಿದ್ದ, ಹೊಲದ ನಟ್ಟನಡುವೆ. ನೇಗಿಲು ನಿಂತು ಹೊರಟ ಕಡೆ ಮಗುಚಿದ ಮಣ್ಣು ಮುರಿಯುತ್ತೆ. ಎಣಿಸು."

ಎಣಿಸಿದೆ. ಹನ್ನೊಂದು ಸಾಲು. ಮೊದಲ ನಾಲ್ಕರಲ್ಲಿ ನಡುವೆ ಮುರಿತವಿತ್ತು. ಉಳಿದ ಏಳರಲ್ಲಿ ಇರಲಿಲ್ಲ.

ಪೋಚಿನ್ ಕುದುರೆಯ ಬೆನ್ನು ಸವರಿದರು. ಬಾಸುಂಡೆ ಎದ್ದಿತ್ತು. ಜೇಬೆಜ್ ಚಾಟಿ ಹಿಡಿದವನೇ ಅಲ್ಲ.

"ದಿನದಂತೆ ಏಳಕ್ಕೆ ಶುರು ಮಾಡಿದ್ದಾನೆ. ಸಾಲಿಗೆ ಕಾಲು ಗಂಟೆ. ನಾಲ್ಕು ಸಾಲು ಅಂದ್ರೆ ಎಂಟಕ್ಕೆಲ್ಲ ಸತ್ತಿದ್ದಾನೆ. ಉಳಿದದ್ದನ್ನ ಅವನ ಟೊಪ್ಪಿ ಹಾಕಿಕೊಂಡು ಉತ್ತೋನು ಬೇರೆ. ಏಮಸ್ ಆಗ ಗಿರಣೀಲಿದ್ದ. ಹತ್ತಾದ ಮೇಲೆ ಎಲ್ಲರ ಕಣ್ಣಿಗೂ ಬೀಳಬೇಕಾಗಿದ್ದೋನು ಯಾರು?"

* * *

ರೂಬೆನ್ ಅಡುಗೆಮನೆಯಲ್ಲಿ ತಣ್ಣಗಾದ ಚಹಾ ಕುಡಿಯುತ್ತಿದ್ದ. ಪೋಚಿನ್ ಅವನ ಎರಡೂ ಅಂಗೈ ಹಿಡಿದು ತಿರುಗಿಸಿದರು. ಲಗಾಮು ಉಜ್ಜಿ ಚರ್ಮ ಹಸಿಯಾಗಿ ಸುಲಿದಿತ್ತು.

"ಹತ್ತರ ತನಕ ಎಲ್ಲಿದ್ದೆ?"

ರೂಬೆನ್ ಕೈ ಹಿಂದಕ್ಕೆಳೆದುಕೊಂಡ.

"ಅಪ್ಪ ಕುದುರೆ ನಿಲ್ಲಿಸ್ತಿದ್ದದ್ದು ಮರೆತೆಯೇನಪ್ಪಾ?"

"ಮರೆಯೋದಾ?" ರೂಬೆನ್ ನಕ್ಕ. ಆ ನಗು ನನಗೆ ಹಿಡಿಸಲಿಲ್ಲ. "ಎಂಟು ವರ್ಷದವನಿದ್ದಾಗಿಂದ ನೋಡಿದೀನಿ. ಅವು ಉಸಿರು ಬಿಡ್ತಾ ನಿಲ್ಲೋವು, ನಾನು ಅಷ್ಟರಲ್ಲಿ ಕಲ್ಲು ಆರಿಸ್ಬೇಕು. ಅಮ್ಮನ ಮಣ್ಣು ಮಾಡಿ ಬಂದ ದಿನವೂ ಆರಿಸಿದೆ. ಇವತ್ತು ಬೆಳಿಗ್ಗೆ ಜ್ವರ, ಮಲಗ್ತೀನಿ ಅಂದೆ. ಕುದುರೆಯ ಹಣೆ ಸವರ್ತಾ 'ಸೋಮಾರಿ' ಅಂದ, ನನಗೆ."

"ಅದಕ್ಕೆ?"

"ಅದಕ್ಕೇ ಆಮೇಲೆ ಬೇಕಂತಲೇ ನಿಲ್ಲಿಸಲಿಲ್ಲ. ಅವಕ್ಕೂ ಗೊತ್ತಾಗ್ಲಿ ಅಂತ."

ಪೋಚಿನ್ ಕೋಳ ತೆಗೆದರು. ಮುಟ್ಟಿದಾಗ ಅವನ ಮೈ ಇನ್ನೂ ಸುಡುತ್ತಿತ್ತು. ಏಮಸ್ ಬದುಕಿಕೊಂಡ, ಆದರೆ ನನಗೆ ಒಂದಿಷ್ಟೂ ಸಂತೋಷವಾಗಲಿಲ್ಲ.

ಠಾಣೆಗೆ ಹೊಲದ ಮೇಲೇ ಹಾದಿ. ನಡುವೆ ಬಂದಾಗ ರೂಬೆನ್ ಏದುಸಿರು ಬಿಡುತ್ತಾ ನಿಂತುಬಿಟ್ಟ. ನಾನು ಎಳೆಯಹೋದೆ.

"ಬಿಡೋ," ಎಂದರು ಪೋಚಿನ್. "ಸ್ವಲ್ಪ ನಿಂತ್ಕೊಳ್ಳಲಿ."