ದಿನಕ್ಕೆ ನಾಲ್ಕು ಪುಟ

ಆ ಕಾದಂಬರಿಗಾಗಿ ಗ್ರಂಥಾಲಯದಲ್ಲಿ ಹೆಸರು ಬರೆಸಿ ಒಂದೂವರೆ ತಿಂಗಳಾಗಿತ್ತು. ಹದಿನೇಳರ ಹುಡುಗಿಯೊಬ್ಬಳು ರಜೆಗೆ ಅಜ್ಜಿಯ ಮನೆಗೆ ಬಂದು, ಪಕ್ಕದ ಮನೆಯ ಹುಡುಗನಿಂದ ಈಜು ಕಲಿಯುವ ಕಥೆಯಂತೆ. ಪ್ರತಿ ಸಲವೂ ಯಾರೋ ಅದನ್ನು ರಿನ್ಯೂ ಮಾಡಿಸಿಕೊಂಡಿರುತ್ತಿದ್ದರು.

ಹೆಸರು ಬರೆಸಿದವಳು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್. ಕಾಯುವುದು ಅವಳ ಜಾಯಮಾನವೇ ಅಲ್ಲ. ಅಂದು ಊಟದ ಬಿಡುವಿನಲ್ಲಿ ಬಂದು ತಕರಾರು ತೆಗೆದಾಗ, ಗ್ರಂಥಾಲಯದ ಅಕ್ಕ ಗಲ್ಲದಿಂದಲೇ ಕಿಟಕಿಯ ಕಡೆಗೆ ತೋರಿಸಿ, ಅಲ್ಲೇ ಇದ್ದಾರಲ್ಲ, ಅವರನ್ನೇ ಕೇಳು ಅಂದಳು.

ಕಿಟಕಿಯ ಪಕ್ಕ ಕೂತಿದ್ದವನು ಎದುರು ರಸ್ತೆಯ ಕನ್ನಡಕದ ಅಂಗಡಿಯವನು. ಲೆನ್ಸ್ ಉಜ್ಜಿ ಉಜ್ಜಿ ಬೆರಳ ತುದಿಗಳು ನುಣುಪಾಗಿದ್ದವು. ಅವಳು ಕೇಳಿದ್ದಕ್ಕೆ ಸಂಕೋಚದಿಂದ ತಲೆ ಎತ್ತಿದ.

"ದಿನಕ್ಕೆ ನಾಲ್ಕೇ ಪುಟ ಓದೋದು ನಾನು. ಜಾಸ್ತಿ ಓದಿದ್ರೆ ಮುಗಿದುಹೋಗುತ್ತೆ."

"ಪುಸ್ತಕ ಇರೋದೇ ಮುಗಿಸೋಕೆ ಅಲ್ವಾ?"

"ಊಟಾನೂ ಹಂಗೇ ಮಾಡ್ತೀರಾ?"

ನಿಂತುಕೊಂಡೇ ಐದು ನಿಮಿಷದಲ್ಲಿ ಊಟ ಮುಗಿಸಿ ಬಂದಿದ್ದ ಅವಳಿಗೆ ನಗು ತಡೆಯಲಾಗಲಿಲ್ಲ. ಅವನು ಪಕ್ಕದ ಕುರ್ಚಿ ಎಳೆದು ಕೊಟ್ಟ. ನೂರಿಪ್ಪತ್ತನೇ ಪುಟದಲ್ಲಿದ್ದವನು ಅವಳಿಗಾಗಿ ಮತ್ತೆ ಮೊದಲ ಪುಟ ತೆರೆದ.

ಮೂರೇ ದಿನಕ್ಕೆ ಅವಳ ತಾಳ್ಮೆ ಕೈಕೊಟ್ಟಿತು. ಜೊತೆಯಲ್ಲಿ ಕೆಲಸ ಮಾಡುವ ನರ್ಸ್ ಹತ್ತಿರ ಅದೇ ಪುಸ್ತಕ ಸಿಕ್ಕಿ, ಒಂದು ಭಾನುವಾರ ಕೂತು ಮುಗಿಸಿಬಿಟ್ಟಳು. ಸೋಮವಾರ ಏನೂ ಗೊತ್ತಿಲ್ಲದವಳಂತೆ ಅವನ ಪಕ್ಕ ಬಂದು ಕೂತಳು.

ಆದರೆ ಅವನ ಜೊತೆ ಓದುವಾಗ ಅದು ಬೇರೆಯೇ ಪುಸ್ತಕವಾಗಿತ್ತು. ಕಥೆಯ ಹುಡುಗ ಮಾತಿಲ್ಲದೆ ಟವಲ್ ಚಾಚುವ ಸಾಲಿನಲ್ಲಿ ಅವನು ನಿಂತುಬಿಟ್ಟ. ಮಾತು ಹೊರಡದೆ ಕೊಟ್ಟನೋ, ಮಾತೇ ಬೇಡವೆಂದು ಕೊಟ್ಟನೋ ಎಂದು ಕೇಳಿದ. ಅಂಥದೊಂದು ಟವಲ್ ಇತ್ತು ಎಂಬುದೇ ಅವಳಿಗೆ ನೆನಪಿರಲಿಲ್ಲ. ಅವನು ಓದುವಾಗ ತುಟಿ ಚೂರೇ ಚೂರು ಅಲುಗುತ್ತಿತ್ತು. ಅವಳು ಪುಟ ನೋಡುವುದನ್ನು ಮರೆತು ಅದನ್ನೇ ನೋಡುತ್ತಿದ್ದಳು. ಅವನು ತಿರುಗಿದರೆ ಗಡಬಡಿಸಿ ಯಾವುದೋ ಸಾಲಿನ ಮೇಲೆ ಬೆರಳಿಡುತ್ತಿದ್ದಳು.

ಎರಡು ತಿಂಗಳು ಕಳೆದು, ಇನ್ನು ಹನ್ನೊಂದು ಪುಟ ಉಳಿದಿದ್ದಾಗ ಅವಳಿಗೆ ವರ್ಗಾವಣೆಯಾಯಿತು. ಬಸ್ಸಿನಲ್ಲಿ ಎರಡು ಗಂಟೆ ದೂರದ ಊರು. ಮರುದಿನವೇ ಅಮ್ಮನ ಜೊತೆ ಅಲ್ಲಿಗೆ ಹೊರಡಬೇಕಿತ್ತು. ವಿಷಯ ಕೇಳಿ ಅವನು ಪುಸ್ತಕ ಮುಚ್ಚಿ, ಉಳಿದದ್ದನ್ನು ತಗೊಂಡು ಹೋಗಿ ಓದಿ ಎಂದು ಅವಳ ಮುಂದೆ ಸರಿಸಿದ.

ಅವಳು ಪುಸ್ತಕದ ಮೇಲೆ ಕೈಯಿಟ್ಟಳು. "ನಿಮಗೆ ಸುಳ್ಳು ಹೇಳಿದ್ದೀನಿ. ಇದನ್ನ ನಾನು ಮೊದಲನೇ ವಾರಾನೇ ಓದಿ ಮುಗಿಸಿದ್ದೆ."

"ಗೊತ್ತು."

ಅವಳು ಬೆಪ್ಪಾಗಿ ನೋಡಿದಳು.

"ಹುಡುಗನ ಮನೆ ಸಾಮಾನು ಸಾಗಿಸೋಕೆ ಲಾರಿ ಬಂದು ನಿಲ್ಲೋ ಪುಟ ಇದೆಯಲ್ಲ, ಅದನ್ನ ತಿರುಗಿಸೋಕೆ ಮೊದಲೇ ನಿಮ್ಮ ಕಣ್ಣು ತುಂಬಿತ್ತು. ದಿನವೆಲ್ಲ ಜನರ ಕಣ್ಣು ನೋಡೋದೇ ನನ್ನ ಕೆಲಸ."

"ಮತ್ತೆ ಯಾಕೆ ಕೇಳ್ಲಿಲ್ಲ?"

"ಕೇಳಿದ್ರೆ ನೀವು ಬರೋದು ನಿಲ್ಲಿಸ್ತೀರೇನೋ ಅಂತ ಭಯ."

ಅವಳು ಪುಸ್ತಕವನ್ನು ಪಕ್ಕಕ್ಕೆ ತಳ್ಳಿದಳು. ಮಧ್ಯೆ ಈಗ ಏನೂ ಇರಲಿಲ್ಲ.

ಭಾನುವಾರ ಅಂಗಡಿಗೆ ರಜೆ, ಆ ಊರಿಗೆ ಬಂದರೆ ತೊಂದರೆಯಾಗುತ್ತಾ ಎಂದು ಅವನು ಮೆಲ್ಲಗೆ ಕೇಳಿದ.

"ಬನ್ನಿ. ಆದ್ರೆ ಯಾರು ಅಂತ ಅಮ್ಮ ಕೇಳ್ತಾರೆ. ನಾನು ಮದುವೆ ಆಗೋರು ಅಂತ ಹೇಳ್ತೀನಿ. ಬೇಡ ಅನ್ನೋದಾದ್ರೆ ಈಗಲೇ ಹೇಳಿ."

ಅವನು ಕಿವಿಯವರೆಗೂ ಕೆಂಪಾಗಿ, ಬಹಳ ಹೊತ್ತು ಮೇಜಿನ ಅಂಚನ್ನು ಬೆರಳಿನಿಂದ ಉಜ್ಜುತ್ತ ಕೂತ. ಆಸ್ಪತ್ರೆಗೆ ಹೊತ್ತಾಗುತ್ತಿತ್ತು. ಅವಳು ಅವಸರ ಮಾಡಲಿಲ್ಲ.

"ಹಂಗೇ ಹೇಳಿ," ಎಂದ ಕೊನೆಗೆ, ಮೇಜಿನ ಮೇಲಿದ್ದ ಅವಳ ಕೈ ಹಿಡಿದು.